ಕುರಿಯ ತೂಕ ತಿಳಿಯದೆ ಔಷಧಿ ಅಳೆಯಬೇಡಿ



ರಾಗಿ ಹೊಲಕ್ಕೆ ಯೂರಿಯಾ ಹಾಕುವ ಮೊದಲು ನೀವು ಮೂರು ವಿಷಯಗಳನ್ನು ಕೇಳುತ್ತೀರಿ. ಹೊಲ ಎಷ್ಟು ಎಕರೆ? ಎಕರೆಗೆ ಎಷ್ಟು ಸಾರಜನಕ ಬೇಕು? ಚೀಲದಲ್ಲಿ ಸಾರಜನಕ ಎಷ್ಟಿದೆ? ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕ ಇರುವುದರಿಂದ 45 ಕೆ.ಜಿ. ಚೀಲದಲ್ಲಿ 20.7 ಕೆ.ಜಿ. ಸಿಗುತ್ತದೆ ಎಂದು ಲೆಕ್ಕ ಹಾಕಬಲ್ಲ ರೈತರು ಇಂದು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಆದರೆ ಅದೇ ರೈತರು ಸಂಜೆ ಕುರಿ ರೊಪ್ಪಕ್ಕೆ ಬಂದು ಜಂತುಹುಳುವಿನ ಔಷಧಿಯ ಸೀಸೆಯನ್ನು ಕೈಗೆ ತೆಗೆದುಕೊಂಡಾಗ ಈ ಲೆಕ್ಕವನ್ನು ಮರೆತುಬಿಡುತ್ತಾರೆ. ಮರಿಗೂ ಒಂದು ಮುಚ್ಚಳ, ಟಗರಿಗೂ ಒಂದು ಮುಚ್ಚಳ!

ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಯಾವ ಪ್ರಾಣಿಗೆ ಯಾವ ಔಷಧಿ ಎಂಬುದನ್ನು ಪಶುವೈದ್ಯರೇ ಹೇಳಬೇಕು. ಆದರೆ ಅವರು ಬರೆದುಕೊಟ್ಟದ್ದನ್ನು ಮನೆಯಲ್ಲಿ ಅಳೆದು ಕುಡಿಸುವವರು ನೀವು. ಆ ಅಳತೆ ಸರಿಯಾಗಿರಬೇಕಾದರೆ ಒಂದು ಸಣ್ಣ ಲೆಕ್ಕ ಬರಬೇಕು. ಗೊಬ್ಬರದ ಲೆಕ್ಕ ಬಲ್ಲವರಿಗೆ ಅದು ಕಷ್ಟವಲ್ಲ.

ಒಂದು ಮುಚ್ಚಳದ ಕಥೆ

ಕೆಲವು ವರ್ಷಗಳ ಹಿಂದೆ ಮುಂಗಾರಿನ ದಿನಗಳಲ್ಲಿ ರಾಗಿಯ ಪ್ರಾತ್ಯಕ್ಷಿಕೆ ನೋಡಲು ಒಂದು ಹಳ್ಳಿಗೆ ಹೋಗಿದ್ದೆ. ಹೊಲದ ಮಾತು ಮುಗಿದ ಮೇಲೆ ಆ ರೈತರು ರೊಪ್ಪಕ್ಕೆ ಕರೆದುಕೊಂಡು ಹೋದರು. ಹದಿನೈದು ದಿನಗಳಲ್ಲಿ ಎರಡು ತಾಯಿ ಕುರಿಗಳು ಸತ್ತಿದ್ದವು. ಇನ್ನೂ ನಾಲ್ಕು ಕುರಿಗಳ ಗದ್ದದ ಕೆಳಗೆ ನೀರು ತುಂಬಿ ಬಾವು ಬಂದಿತ್ತು. “ಸ್ವಾಮಿ, ತಿಂಗಳ ಹಿಂದೆಯೇ ಹುಳುವಿನ ಔಷಧಿ ಕುಡಿಸಿದ್ದೇನೆ. ಆದರೂ ಹೀಗಾಯಿತು. ಅಂಗಡಿಯವನು ನಕಲಿ ಔಷಧಿ ಕೊಟ್ಟನೇ?” ಎಂದು ಕೇಳಿದರು.

ಸೀಸೆಯನ್ನು ತರಿಸಿ ನೋಡಿದೆವು. ಶೇಕಡ 2.5ರ ಆಲ್ಬೆಂಡಜೋಲ್, ಬಳಕೆಯ ಅವಧಿಯೂ ಮುಗಿದಿರಲಿಲ್ಲ. ಅದರ ಮುಚ್ಚಳದ ತುಂಬ ನೀರು ಹಾಕಿ ಸಿರಿಂಜಿನಿಂದ ಎಳೆದು ಅಳೆದಾಗ 5 ಮಿ.ಲೀ. ಬಂತು. ಶೇಂಗಾ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಬೇವಿನ ಕೊಂಬೆಗೆ ಕಟ್ಟಿ ಮೂರು ಪ್ರಾಣಿಗಳನ್ನು ತೂಗಿದೆವು. ಮರಿ 12 ಕೆ.ಜಿ., ತಾಯಿ ಕುರಿ 30 ಕೆ.ಜಿ., ಟಗರು 44 ಕೆ.ಜಿ. ಇದ್ದವು.

ಒಂದು ಮುಚ್ಚಳದಲ್ಲಿ ಇದ್ದ ಔಷಧಿ 125 ಮಿಲಿಗ್ರಾಂ. ಪಶುವೈದ್ಯರು ಹೇಳಿದ್ದ ಪ್ರಮಾಣ ಪ್ರತಿ ಕೆ.ಜಿ. ತೂಕಕ್ಕೆ 7.5 ಮಿಲಿಗ್ರಾಂ. ಸಿಕ್ಕಿದ್ದು ಮಾತ್ರ ಮರಿಗೆ ಕೆ.ಜಿ.ಗೆ 10.4 ಮಿಲಿಗ್ರಾಂ, ತಾಯಿ ಕುರಿಗೆ 4.2, ಟಗರಿಗೆ 2.8 ಮಿಲಿಗ್ರಾಂ. ಮರಿಗಳು ಚೆನ್ನಾಗಿದ್ದವು, ಸತ್ತವು ದೊಡ್ಡ ಕುರಿಗಳು. ಔಷಧಿಯಲ್ಲಿ ದೋಷ ಹುಡುಕುವ ಮೊದಲು ಅಳತೆಯಲ್ಲಿ ಹುಡುಕಬೇಕೆಂಬುದು ಅಲ್ಲಿಯೇ ಸ್ಪಷ್ಟವಾಯಿತು. ಆ ರೈತರು ಖರ್ಚನ್ನೂ ಮಾಡಿದ್ದರು, ಶ್ರಮವನ್ನೂ ಪಟ್ಟಿದ್ದರು. ಫಲ ಮಾತ್ರ ಸಿಗಲಿಲ್ಲ.

ಹುಳು ಹೀರುವ ರಕ್ತ ಎಷ್ಟು?

ಕುರಿ ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ ವಾಸಿಸುವ ಹಿಮಾಂಕಸ್ ಎಂಬ ದುಂಡುಹುಳು ನಮ್ಮ ಸೀಮೆಯ ಮಳೆಗಾಲದ ದೊಡ್ಡ ಶತ್ರು. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತವನ್ನು ನಷ್ಟ ಮಾಡುತ್ತದೆ. ಇದು ಒಂದು ಹನಿಯಷ್ಟು ಮಾತ್ರ. ಆದರೆ ಕುರಿಯ ಹೊಟ್ಟೆಯಲ್ಲಿ ಇಂತಹ 1,000 ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ಆಯಿತು. 30 ಕೆ.ಜಿ. ತೂಕದ ಕುರಿಯ ಮೈಯಲ್ಲಿ ಇರುವ ಒಟ್ಟು ರಕ್ತ ಹೆಚ್ಚು ಕಡಿಮೆ ಎರಡು ಲೀಟರು. ಅಂದರೆ ನಲವತ್ತು ದಿನಗಳಲ್ಲಿ ಅದರ ಮೈಯ ರಕ್ತವಷ್ಟನ್ನೂ ಹುಳುಗಳು ಹೀರುತ್ತವೆ. ಕುರಿ ಹೊಸ ರಕ್ತವನ್ನು ಮಾಡಿಕೊಳ್ಳುತ್ತಲೇ ಇರುತ್ತದೆ, ನಿಜ. ಮೇವು ಸಾಲದಾದಾಗ ಆ ಶಕ್ತಿಯೂ ಕುಂದುತ್ತದೆ. ಆಗ ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ, ಗದ್ದದಲ್ಲಿ ಬಾವು ಬರುತ್ತದೆ, ಕುರಿ ಹಿಂಡಿನ ಹಿಂದೆ ಉಳಿಯುತ್ತದೆ.

ಒಂದು ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಅವು ಹಿಕ್ಕೆಯೊಡನೆ ಹೊರಬಂದು, ತೇವ ಮತ್ತು ಬೆಚ್ಚನೆಯ ಹವೆ ಸಿಕ್ಕಿದರೆ ಸುಮಾರು ಒಂದು ವಾರದಲ್ಲಿ ಮರಿಯಾಗಿ ಹುಲ್ಲಿನ ಗರಿಯನ್ನು ಏರುತ್ತವೆ. ಹುಲ್ಲಿನೊಡನೆ ಕುರಿಯ ಹೊಟ್ಟೆ ಸೇರಿದ ಮೂರು ವಾರಗಳಲ್ಲಿ ತಾವೇ ಮೊಟ್ಟೆ ಇಡಲು ತೊಡಗುತ್ತವೆ. ಆದುದರಿಂದ ಅರೆಬರೆ ಔಷಧಿಯಿಂದ ಬದುಕಿ ಉಳಿದ ಕೆಲವೇ ಹುಳುಗಳು ಇಡೀ ಗೋಮಾಳವನ್ನು ಮತ್ತೆ ಹುಳುಮಯ ಮಾಡಬಲ್ಲವು.

ಕಡಿಮೆ ಕೊಟ್ಟರೆ ಏನು? ಹೆಚ್ಚು ಕೊಟ್ಟರೆ ಏನು?

ಕಡಿಮೆ ಕೊಟ್ಟಾಗ ದುರ್ಬಲ ಹುಳುಗಳು ಸಾಯುತ್ತವೆ, ಗಟ್ಟಿ ಹುಳುಗಳು ಉಳಿಯುತ್ತವೆ. ಮುಂದಿನ ಪೀಳಿಗೆ ಆ ಗಟ್ಟಿ ಹುಳುಗಳದ್ದೇ ಆಗಿರುತ್ತದೆ. ವರ್ಷ ವರ್ಷವೂ ಹೀಗೆಯೇ ಮಾಡುತ್ತ ಹೋದರೆ ಕೊನೆಗೆ ಪೂರ್ಣ ಪ್ರಮಾಣ ಕೊಟ್ಟರೂ ಹುಳು ಸಾಯುವುದಿಲ್ಲ. ಕಳೆನಾಶಕವನ್ನು ಅರ್ಧ ಪ್ರಮಾಣದಲ್ಲಿ ಸಿಂಪಡಿಸಿ, ಜಗ್ಗದ ಕಳೆಯನ್ನು ನಾವೇ ಆರಿಸಿ ಬೆಳೆಸಿದಂತೆ ಇದು. ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಳಕೆಗೆ ಬಂದಿತು. 1964ರ ವೇಳೆಗೇ ಅದಕ್ಕೆ ಬಗ್ಗದ ಹಿಮಾಂಕಸ್ ಹುಳುಗಳು ಅಮೆರಿಕದ ಕುರಿಗಳಲ್ಲಿ ಕಂಡುಬಂದವು. ನಾವು ಇಂದು ಬಳಸುವ ಆಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಅದೇ ಗುಂಪಿಗೆ ಸೇರಿದವು. ಈ ಗುಂಪಿನ ಒಂದಕ್ಕೆ ಹುಳು ಜಗ್ಗದಾದರೆ ಇನ್ನೊಂದಕ್ಕೂ ಸಾಮಾನ್ಯವಾಗಿ ಜಗ್ಗುವುದಿಲ್ಲ. ಹೊಸ ಔಷಧಿಗಳು ಪದೇ ಪದೇ ಬರುವಂತಹವಲ್ಲ. ಇರುವವನ್ನು ನಾವು ಉಳಿಸಿಕೊಳ್ಳಬೇಕು.

ಹೆಚ್ಚು ಕೊಟ್ಟಾಗ ಆಗುವ ಹಾನಿ ಔಷಧಿಯಿಂದ ಔಷಧಿಗೆ ಬೇರೆ. ಆಲ್ಬೆಂಡಜೋಲಿನಲ್ಲಿ ತುಸು ಹೆಚ್ಚಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಗಬ್ಬದ ಮೊದಲ ದಿನಗಳಲ್ಲಿ ಕೊಟ್ಟರೆ ಹುಟ್ಟುವ ಮರಿಗಳಲ್ಲಿ ಅಂಗವಿಕಲತೆ ಉಂಟಾಗಬಹುದು. ಟಗರು ಬಿಟ್ಟ ಮೊದಲ ತಿಂಗಳಲ್ಲಿ ತಾಯಿ ಕುರಿಗಳಿಗೆ ಅದನ್ನು ಕೊಡಲೇಬಾರದು. ಲೆವಮಿಸೋಲ್ ಎಂಬ ಔಷಧಿಯಲ್ಲಿ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಪ್ರಮಾಣ ಮೀರಿದರೆ ಕುರಿ ಜೊಲ್ಲು ಸುರಿಸುತ್ತದೆ, ನಡುಗುತ್ತದೆ, ತೂರಾಡಿ ಬೀಳುತ್ತದೆ. ಆದುದರಿಂದ “ಸ್ವಲ್ಪ ಜಾಸ್ತಿಯೇ ಇರಲಿ” ಎಂಬ ಮಾತು ಎಲ್ಲ ಔಷಧಿಗೂ ಸಲ್ಲದು.

ಬೇಕಾದ ಮೂರು ಅಂಕಿಗಳು

ಔಷಧಿಯ ಅಳತೆಗೆ ಮೂರೇ ಅಂಕಿಗಳು ಸಾಕು.

1. ಪ್ರಾಣಿಯ ತೂಕ, ಕೆ.ಜಿ.ಗಳಲ್ಲಿ.
2. ಪ್ರತಿ ಕೆ.ಜಿ. ತೂಕಕ್ಕೆ ಬೇಕಾದ ಔಷಧಿ, ಮಿಲಿಗ್ರಾಂಗಳಲ್ಲಿ.
3. ಸೀಸೆಯ ಒಂದು ಮಿ.ಲೀ. ದ್ರವದಲ್ಲಿ ಇರುವ ಔಷಧಿ, ಮಿಲಿಗ್ರಾಂಗಳಲ್ಲಿ.

ಮೊದಲನೆಯದನ್ನು ಎರಡನೆಯದರಿಂದ ಗುಣಿಸಿ, ಬಂದದ್ದನ್ನು ಮೂರನೆಯದರಿಂದ ಭಾಗಿಸಿದರೆ ಕುಡಿಸಬೇಕಾದ ಮಿ.ಲೀ. ಸಿಗುತ್ತದೆ. ಈಗ ಒಂದೊಂದನ್ನೂ ಪಡೆಯುವ ಕ್ರಮವನ್ನು ನೋಡೋಣ.

ಮೊದಲನೆಯ ಅಂಕಿ: ತೂಕ

ಕುರಿ ಮೇಕೆಗಳನ್ನು ತೂಗುವುದೇ ಉತ್ತಮ. 50 ಅಥವಾ 100 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿಯನ್ನು ಗಟ್ಟಿ ಕೊಂಬೆಗೆ ಕಟ್ಟಿ. ಗೋಣಿಚೀಲದಲ್ಲಿ ಕಾಲುಗಳು ಹೊರಬರುವಂತೆ ನಾಲ್ಕು ತೂತು ಮಾಡಿ ಜೋಳಿಗೆಯಂತೆ ತೂಗುಹಾಕಿ. ಬರಿ ಚೀಲದ ತೂಕವನ್ನು ಕೊನೆಗೆ ಕಳೆಯಲು ಮರೆಯದಿರಿ. ಮರಿಗಳಾದರೆ ಇನ್ನೂ ಸುಲಭ. ಮರಿಯನ್ನು ಎತ್ತಿಕೊಂಡು ನೀವೇ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಮರಿ ಇಲ್ಲದೆ ನಿಂತು, ವ್ಯತ್ಯಾಸ ನೋಡಿ. ನಿಮ್ಮ ಊರಿನ ಹಾಲಿನ ಸಂಘದಲ್ಲಿಯೋ ರೇಷ್ಮೆಗೂಡು ತೂಗುವವರಲ್ಲಿಯೋ ತಕ್ಕಡಿ ಇದ್ದೇ ಇರುತ್ತದೆ. ಒಂದು ಗಂಟೆಯ ಮಟ್ಟಿಗೆ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಕಣ್ಣಳತೆಯನ್ನು ನಂಬಬೇಡಿ. ಉಣ್ಣೆ ಬೆಳೆದ ಕುರಿ ದಪ್ಪಗೆ ಕಾಣುತ್ತದೆ, ಉಣ್ಣೆ ಕತ್ತರಿಸಿದ ಕುರಿ ಬಡಕಲಾಗಿ ಕಾಣುತ್ತದೆ. ತೂಕ ಮಾತ್ರ ಅಷ್ಟೇ ಇರುತ್ತದೆ. ಬನ್ನೂರು ಕುರಿಯಂತಹ ಗಿಡ್ಡ, ದುಂಡು ಮೈಯ ತಳಿಯನ್ನೂ ಉದ್ದ ಕಾಲಿನ ಕೆಂಗುರಿಯನ್ನೂ ಒಂದೇ ಕಣ್ಣಿನಿಂದ ಅಳೆಯಲಾಗದು.

ದನ ಎಮ್ಮೆಗಳನ್ನು ತಕ್ಕಡಿಗೆ ಕಟ್ಟಲಾಗದು. ಅವಕ್ಕೆ ದರ್ಜಿಯ ಟೇಪು ಸಾಕು. ಬೆಳಿಗ್ಗೆ ಮೇವು ನೀರು ಕೊಡುವ ಮೊದಲು, ಸಮತಟ್ಟಾದ ನೆಲದ ಮೇಲೆ, ನಾಲ್ಕೂ ಕಾಲುಗಳ ಮೇಲೆ ಸಮನಾಗಿ ನಿಲ್ಲಿಸಿ ಎರಡು ಅಳತೆ ತೆಗೆದುಕೊಳ್ಳಿ.

ಎದೆಯ ಸುತ್ತಳತೆ: ಮುಂಗಾಲುಗಳ ಹಿಂದೆ, ಡುಬ್ಬದ ಹಿಂಭಾಗದಲ್ಲಿ, ಟೇಪನ್ನು ನೆಟ್ಟಗೆ ಸುತ್ತಿ. ಮೈಗೆ ತಾಗಿರಬೇಕು, ಚರ್ಮವನ್ನು ಬಿಗಿಯಬಾರದು. ಹಳ್ಳಿಕಾರ್ ಎತ್ತಿನಲ್ಲಿ ಟೇಪು ಡುಬ್ಬದ ಮೇಲೆ ಏರದಂತೆ ನೋಡಿಕೊಳ್ಳಿ.

ಮೈಯ ಉದ್ದ: ಭುಜದ ಮೂಳೆಯ ಮುಂದಿನ ತುದಿಯಿಂದ, ಬಾಲದ ಬುಡದ ಪಕ್ಕದಲ್ಲಿ ಹಿಂದಕ್ಕೆ ಚಾಚಿರುವ ಮೂಳೆಯ ತುದಿಯವರೆಗೆ.

ಅಳತೆ ಸೆಂಟಿಮೀಟರಿನಲ್ಲಿ ಇದ್ದರೆ: ಸುತ್ತಳತೆ × ಸುತ್ತಳತೆ × ಉದ್ದ ÷ 10,840 = ತೂಕ ಕೆ.ಜಿ.
ಅಳತೆ ಅಂಗುಲದಲ್ಲಿ ಇದ್ದರೆ: ಸುತ್ತಳತೆ × ಸುತ್ತಳತೆ × ಉದ್ದ ÷ 660 = ತೂಕ ಕೆ.ಜಿ.

ಉದಾಹರಣೆಗೆ, ಒಂದು ಮಿಶ್ರತಳಿ ಹಸುವಿನ ಎದೆ ಸುತ್ತಳತೆ 170 ಸೆಂ.ಮೀ., ಉದ್ದ 140 ಸೆಂ.ಮೀ. ಎಂದಿಟ್ಟುಕೊಳ್ಳಿ. 170 × 170 = 28,900. ಇದನ್ನು 140ರಿಂದ ಗುಣಿಸಿದರೆ 40,46,000. ಇದನ್ನು 10,840ರಿಂದ ಭಾಗಿಸಿದರೆ 373 ಕೆ.ಜಿ.

ಸುತ್ತಳತೆಯನ್ನು ಎರಡು ಸಲ ಗುಣಿಸುವುದರಿಂದ ಅಲ್ಲಿ ಆಗುವ ತಪ್ಪು ದೊಡ್ಡದಾಗುತ್ತದೆ. ಮೇಲಿನ ಹಸುವಿನಲ್ಲಿ ಉದ್ದವನ್ನು 5 ಸೆಂ.ಮೀ. ಹೆಚ್ಚು ಅಳೆದರೆ ತೂಕದಲ್ಲಿ ಸುಮಾರು 13 ಕೆ.ಜಿ. ವ್ಯತ್ಯಾಸ ಬರುತ್ತದೆ. ಸುತ್ತಳತೆಯನ್ನು 5 ಸೆಂ.ಮೀ. ಹೆಚ್ಚು ಅಳೆದರೆ 22 ಕೆ.ಜಿ. ವ್ಯತ್ಯಾಸ ಬರುತ್ತದೆ. ಸುತ್ತಳತೆಯನ್ನು ಎರಡು ಬಾರಿ ಅಳೆದು ನೋಡುವುದು ಒಳ್ಳೆಯದು. ಈ ಸೂತ್ರ ಕೊಡುವುದು ಅಂದಾಜು ತೂಕವೇ ಆದರೂ ಕಣ್ಣಳತೆಗಿಂತ ಎಷ್ಟೋ ಮೇಲು. ತುಂಬು ಗಬ್ಬದ ಹಸುವಿಗೆ ಇದು ಸರಿಹೊಂದುವುದಿಲ್ಲ.

ಎರಡನೆಯ ಅಂಕಿ: ಪ್ರತಿ ಕೆ.ಜಿ.ಗೆ ಎಷ್ಟು?

ಇದು ಔಷಧಿಯನ್ನೂ ಪ್ರಾಣಿಯನ್ನೂ ಹುಳುವನ್ನೂ ಅವಲಂಬಿಸಿದೆ. ಸಾಮಾನ್ಯ ದುಂಡುಹುಳುಗಳಿಗೆ ಬಳಕೆಯಲ್ಲಿರುವ ಪ್ರಮಾಣಗಳು ಹೀಗಿವೆ:

ಆಲ್ಬೆಂಡಜೋಲ್: ಕುರಿಗೆ ಪ್ರತಿ ಕೆ.ಜಿ.ಗೆ 5ರಿಂದ 7.5 ಮಿಲಿಗ್ರಾಂ, ದನಕ್ಕೆ 7.5ರಿಂದ 10 ಮಿಲಿಗ್ರಾಂ.
ಫೆನ್‌ಬೆಂಡಜೋಲ್: ಕುರಿಗೆ 5 ಮಿಲಿಗ್ರಾಂ, ದನಕ್ಕೆ 5ರಿಂದ 7.5 ಮಿಲಿಗ್ರಾಂ.
ಲೆವಮಿಸೋಲ್: ಕುರಿಗೂ ದನಕ್ಕೂ 7.5 ಮಿಲಿಗ್ರಾಂ.
ಐವರ್‌ಮೆಕ್ಟಿನ್ (ಚರ್ಮದಡಿ ಚುಚ್ಚುಮದ್ದು): 0.2 ಮಿಲಿಗ್ರಾಂ.

ಈ ಪಟ್ಟಿಯನ್ನು ನೋಡಿ ನೀವೇ ಔಷಧಿ ಆರಿಸಬಾರದು. ಪಶುವೈದ್ಯರು ಹೇಳಿದ ಪ್ರಮಾಣವೇ ಕೊನೆಯ ಮಾತು. ಕೆರೆಯ ಕೆಳಗಿನ ಜೌಗು ನೆಲದಲ್ಲಿ ಮೇಯುವ ದನಕುರಿಗಳಲ್ಲಿ ಪಿತ್ತಕೋಶದ ಚಪ್ಪಟೆ ಹುಳು ಇರಬಹುದು. ಅದಕ್ಕೆ ಔಷಧಿಯೂ ಬೇರೆ, ಪ್ರಮಾಣವೂ ಬೇರೆ.

ಮೇಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮೇಕೆಯ ಶರೀರ ಈ ಔಷಧಿಗಳನ್ನು ಕುರಿಗಿಂತ ಬೇಗ ಅರಗಿಸಿ ಹೊರಹಾಕಿಬಿಡುತ್ತದೆ. ಆದುದರಿಂದ ಒಂದೇ ತೂಕದ ಕುರಿ ಮೇಕೆಗಳಿಗೆ ಒಂದೇ ಪ್ರಮಾಣ ಸಾಲದು. ಉದಾಹರಣೆಗೆ ಆಲ್ಬೆಂಡಜೋಲನ್ನು ಮೇಕೆಗೆ ಪ್ರತಿ ಕೆ.ಜಿ.ಗೆ 10 ಮಿಲಿಗ್ರಾಂವರೆಗೆ ಹೇಳುವುದುಂಟು. ಪಶುವೈದ್ಯರಲ್ಲಿಗೆ ಹೋದಾಗ “ಹಿಂಡಿನಲ್ಲಿ ಮೇಕೆಗಳೂ ಇವೆ” ಎಂದು ಬಿಡಿಸಿ ಹೇಳಿ, ಮೇಕೆಯ ಪ್ರಮಾಣವನ್ನು ಬೇರೆಯಾಗಿಯೇ ಬರೆಸಿಕೊಳ್ಳಿ.

ಮೂರನೆಯ ಅಂಕಿ: ಸೀಸೆಯ ಬಲ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಸೀಸೆಯ ಮೇಲೆ ಶೇಕಡ 2.5 ಎಂದು ಇದ್ದರೆ 100 ಮಿ.ಲೀ. ದ್ರವದಲ್ಲಿ 2.5 ಗ್ರಾಂ, ಅಂದರೆ 2,500 ಮಿಲಿಗ್ರಾಂ ಔಷಧಿ ಇದೆ ಎಂದರ್ಥ. ಒಂದು ಮಿ.ಲೀ.ನಲ್ಲಿ 25 ಮಿಲಿಗ್ರಾಂ ಆಯಿತು. ಸುಲಭ ಸೂತ್ರವನ್ನು ನೆನಪಿಡಿ: ಶೇಕಡ ಅಂಕಿಯನ್ನು 10ರಿಂದ ಗುಣಿಸಿದರೆ ಒಂದು ಮಿ.ಲೀ.ನಲ್ಲಿ ಇರುವ ಮಿಲಿಗ್ರಾಂ ಸಿಗುತ್ತದೆ.

ಶೇಕಡ 1 ಎಂದರೆ ಮಿ.ಲೀ.ಗೆ 10 ಮಿಲಿಗ್ರಾಂ.
ಶೇಕಡ 2.5 ಎಂದರೆ ಮಿ.ಲೀ.ಗೆ 25 ಮಿಲಿಗ್ರಾಂ.
ಶೇಕಡ 10 ಎಂದರೆ ಮಿ.ಲೀ.ಗೆ 100 ಮಿಲಿಗ್ರಾಂ.

ಒಂದೇ ಹೆಸರಿನ ಔಷಧಿ ಶೇಕಡ 2.5ರಲ್ಲಿಯೂ ಶೇಕಡ 10ರಲ್ಲಿಯೂ ಮಾರಾಟಕ್ಕೆ ಇರುತ್ತದೆ. ಕಳೆದ ಸಲದ ಸೀಸೆಯಂತೆಯೇ ಬಣ್ಣ, ಅದೇ ಹೆಸರು ಎಂದು ನಂಬಿ ಅದೇ ಅಳತೆಯಲ್ಲಿ ಕುಡಿಸಿದರೆ ನಾಲ್ಕು ಪಟ್ಟು ಹೆಚ್ಚು ಅಥವಾ ನಾಲ್ಕನೆಯ ಒಂದು ಭಾಗ ಮಾತ್ರ ಕೊಟ್ಟಂತಾಗುತ್ತದೆ. ಸೀಸೆ ಕೊಳ್ಳುವಾಗಲೆಲ್ಲ ಮೊದಲು ಈ ಶೇಕಡ ಅಂಕಿಯನ್ನು ಓದಿ.

ಮಾತ್ರೆಯಾದರೆ ಲೆಕ್ಕ ಇನ್ನೂ ನೇರ. ದನದ ದೊಡ್ಡ ಮಾತ್ರೆಯಲ್ಲಿ 1,500 ಮಿಲಿಗ್ರಾಂ ಔಷಧಿ ಇದ್ದು, ಪ್ರಮಾಣ ಕೆ.ಜಿ.ಗೆ 7.5 ಮಿಲಿಗ್ರಾಂ ಆದರೆ, 1,500 ÷ 7.5 = 200. ಒಂದು ಮಾತ್ರೆ 200 ಕೆ.ಜಿ. ತೂಕಕ್ಕೆ ಸಾಕು. 373 ಕೆ.ಜಿ.ಯ ಹಸುವಿಗೆ ಒಂದು ಮಾತ್ರೆ ಸಾಲದು, ಎರಡು ಬೇಕು.

ಲೆಕ್ಕವನ್ನು ಕೂಡಿಸಿ ನೋಡೋಣ

ತಾಯಿ ಕುರಿ 30 ಕೆ.ಜಿ.; ಪ್ರಮಾಣ 7.5 ಮಿಲಿಗ್ರಾಂ, ಸೀಸೆ ಶೇಕಡ 2.5. ಬೇಕಾದ ಔಷಧಿ 30 × 7.5 = 225 ಮಿಲಿಗ್ರಾಂ. ಕುಡಿಸಬೇಕಾದ್ದು 225 ÷ 25 = 9 ಮಿ.ಲೀ.

12 ಕೆ.ಜಿ.ಯ ಮರಿಗೆ 90 ÷ 25 = 3.6 ಮಿ.ಲೀ. 44 ಕೆ.ಜಿ.ಯ ಟಗರಿಗೆ 330 ÷ 25 = 13.2 ಮಿ.ಲೀ. ಮೂವರಿಗೂ ಒಂದೇ ಮುಚ್ಚಳ ಏಕೆ ಸಲ್ಲದೆಂದು ಈಗ ತಿಳಿಯಿತಷ್ಟೆ.

ಈ ಪ್ರಮಾಣಕ್ಕೂ ಈ ಸೀಸೆಗೂ ಒಂದು ಕಿರುಪಟ್ಟಿಯನ್ನು ರೊಪ್ಪದ ಬಾಗಿಲಿಗೆ ಅಂಟಿಸಿಕೊಳ್ಳಬಹುದು. ಪ್ರತಿ 10 ಕೆ.ಜಿ.ಗೆ 3 ಮಿ.ಲೀ. ಎಂಬುದೇ ಇದರ ಸಾರ.

10 ಕೆ.ಜಿ. – 3 ಮಿ.ಲೀ.
15 ಕೆ.ಜಿ. – 4.5 ಮಿ.ಲೀ.
20 ಕೆ.ಜಿ. – 6 ಮಿ.ಲೀ.
25 ಕೆ.ಜಿ. – 7.5 ಮಿ.ಲೀ.
30 ಕೆ.ಜಿ. – 9 ಮಿ.ಲೀ.
35 ಕೆ.ಜಿ. – 10.5 ಮಿ.ಲೀ.
40 ಕೆ.ಜಿ. – 12 ಮಿ.ಲೀ.
45 ಕೆ.ಜಿ. – 13.5 ಮಿ.ಲೀ.

ಔಷಧಿಯ ಹೆಸರೋ, ಪ್ರಮಾಣವೋ, ಶೇಕಡ ಅಂಕಿಯೋ ಬದಲಾದರೆ ಈ ಪಟ್ಟಿಯನ್ನು ಕಿತ್ತುಹಾಕಿ ಹೊಸದನ್ನು ಬರೆಯಬೇಕು.

ಚುಕ್ಕೆಯ ಸ್ಥಾನ ತಪ್ಪದಿರಲಿ

ಐವರ್‌ಮೆಕ್ಟಿನ್ ಎಂಬ ಔಷಧಿಯ ಮೂಲ ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿ. ಇದು 1981ರಲ್ಲಿ ಪಶುಗಳ ಬಳಕೆಗೆ ಬಂದಿತು. ಇದನ್ನು ಕಂಡುಹಿಡಿದ ಸತೋಶಿ ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಣ್ಣಿನ ಈ ಕೊಡುಗೆ ಎಷ್ಟು ತೀಕ್ಷ್ಣವೆಂದರೆ ಪ್ರತಿ ಕೆ.ಜಿ. ತೂಕಕ್ಕೆ 0.2 ಮಿಲಿಗ್ರಾಂ ಸಾಕು. 30 ಕೆ.ಜಿ. ಕುರಿಗೆ 6 ಮಿಲಿಗ್ರಾಂ. ಶೇಕಡ 1ರ ಸೀಸೆಯಾದರೆ 0.6 ಮಿ.ಲೀ. ಮಾತ್ರ. ಇಲ್ಲಿ ಚುಕ್ಕೆಯನ್ನು ಮರೆತು 6 ಮಿ.ಲೀ. ಎಂದು ಓದಿದರೆ ಹತ್ತು ಪಟ್ಟು ಕೊಟ್ಟಂತೆ! ಇಂತಹ ಚುಚ್ಚುಮದ್ದನ್ನು ಪಶುವೈದ್ಯರೇ ಅಥವಾ ಅವರ ಸಿಬ್ಬಂದಿಯೇ ಕೊಡುವುದು ಕ್ಷೇಮ. ಸಣ್ಣ ಪ್ರಮಾಣಕ್ಕೆ 1 ಅಥವಾ 2 ಮಿ.ಲೀ.ಯ ಸಣ್ಣ ಸಿರಿಂಜನ್ನೇ ಬಳಸಬೇಕು.

ಹಿಂಡಿಗೆ ಕೊಡುವಾಗ

ನೂರು ಕುರಿಗಳಿದ್ದಾಗ ಪ್ರತಿಯೊಂದನ್ನೂ ತೂಗಲು ಸಮಯವಾಗದು. ಆಗ ಹಿಂಡನ್ನು ಗಾತ್ರದಂತೆ ಮೂರು ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಅತಿ ಭಾರವಾಗಿ ಕಾಣುವ ಎರಡು ಮೂರು ಕುರಿಗಳನ್ನು ತೂಗಿ, ಅವುಗಳಲ್ಲಿ ಹೆಚ್ಚು ತೂಕದ್ದಕ್ಕೆ ಲೆಕ್ಕ ಹಾಕಿದ ಪ್ರಮಾಣವನ್ನು ಆ ಗುಂಪಿಗೆಲ್ಲ ಕೊಡಿ. ಸರಾಸರಿ ತೂಕಕ್ಕೆ ಲೆಕ್ಕ ಹಾಕಬಾರದು. ಹಾಕಿದರೆ ಗುಂಪಿನ ಅರ್ಧದಷ್ಟು ಕುರಿಗಳಿಗೆ ಕಡಿಮೆಯಾಗುತ್ತದೆ. ಒಂದು ಗುಂಪಿನ ಹಗುರ ಮತ್ತು ಭಾರದ ಕುರಿಗಳ ನಡುವೆ 5 ಕೆ.ಜಿ.ಗಿಂತ ಹೆಚ್ಚು ಅಂತರ ಇರದಂತೆ ಗುಂಪು ಮಾಡಿದರೆ ಉತ್ತಮ. ಲೆವಮಿಸೋಲಿನಂತಹ ಔಷಧಿಯಾದರೆ ಗುಂಪುಗಳು ಇನ್ನೂ ಬಿಗಿಯಾಗಿರಲಿ.

ಕುಡಿಸುವ ಕ್ರಮ

ಲೆಕ್ಕ ಸರಿಯಿದ್ದೂ ಕೈ ತಪ್ಪಿದರೆ ಫಲವಿಲ್ಲ. ಈ ಔಷಧಿಗಳಲ್ಲಿ ಬಹಳಷ್ಟು ತಳದಲ್ಲಿ ಕೂರುವಂತಹವು. ಸೀಸೆಯನ್ನು ಚೆನ್ನಾಗಿ ಕುಲುಕದಿದ್ದರೆ ಮೊದಲ ಕುರಿಗಳಿಗೆ ಬರಿ ತಿಳಿ, ಕೊನೆಯ ಕುರಿಗಳಿಗೆ ಗಟ್ಟಿ ಔಷಧಿ ಹೋಗುತ್ತದೆ. ಹತ್ತು ಕುರಿಗೊಮ್ಮೆಯಾದರೂ ಮತ್ತೆ ಕುಲುಕಿ.

ಅಳತೆಗೆ ಸೂಜಿ ತೆಗೆದ 10 ಅಥವಾ 20 ಮಿ.ಲೀ. ಸಿರಿಂಜು ಬಳಸಿ. ಅಡುಗೆಮನೆಯ ಚಮಚಗಳು ಮನೆಗೊಂದು ಗಾತ್ರ. ದನಕ್ಕೆ ಬಿದಿರಿನ ಗೊಟ್ಟದಲ್ಲಿ ಕುಡಿಸುವ ರೂಢಿ ಇದೆ. ಕುಡಿಸಲು ಗೊಟ್ಟವನ್ನು ಬಳಸಬಹುದು, ಆದರೆ ಅದಕ್ಕೆ ಔಷಧಿಯನ್ನು ಅಳೆದೇ ಹಾಕಬೇಕು.

ಕುರಿಯ ತಲೆಯನ್ನು ನೆಲಕ್ಕೆ ಸಮನಾಗಿ ಹಿಡಿದು, ಬಾಯಿಯ ಪಕ್ಕದಿಂದ ಸಿರಿಂಜನ್ನು ನುಗ್ಗಿಸಿ, ನಾಲಿಗೆಯ ಹಿಂಭಾಗದ ಮೇಲೆ ನಿಧಾನವಾಗಿ ಬಿಡಿ. ಮೂತಿಯನ್ನು ಆಕಾಶಕ್ಕೆ ಎತ್ತಿ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಿ ಕುರಿ ಸಾಯಬಹುದು. ಕೆಮ್ಮಿದರೆ ಕೂಡಲೇ ತಲೆಯನ್ನು ಬಿಟ್ಟುಬಿಡಿ. ಕುಡಿಸಿದ ಕುರಿಗೆ ಬಣ್ಣದ ಗುರುತು ಹಾಕಿ. ಒಂದಕ್ಕೇ ಎರಡು ಸಲ ಕುಡಿಸುವುದೂ ಒಂದನ್ನು ಬಿಟ್ಟುಬಿಡುವುದೂ ತಪ್ಪುತ್ತದೆ.

ಶಾಲೆಯ ಮಕ್ಕಳಿಗೆ ಒಂದೇ ಮಾತ್ರೆ ಏಕೆ?

ತಿಳಿದವರು ಕೇಳುವ ಪ್ರಶ್ನೆ ಒಂದಿದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯ ಚಿಕ್ಕ ಮಗುವಿಗೂ ದೊಡ್ಡ ಹುಡುಗನಿಗೂ 400 ಮಿಲಿಗ್ರಾಂನ ಒಂದೇ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಕುರಿಗೆ ಮಾತ್ರ ತೂಕ ಏಕೆ? ಮನುಷ್ಯರ ಕರುಳಿನ ಸಾಮಾನ್ಯ ಹುಳುಗಳಿಗೆ, ಲಕ್ಷಾಂತರ ಮಕ್ಕಳಿಗೆ ಒಂದೇ ದಿನ ಕೊಡಲು ಅನುಕೂಲವಾಗುವಂತೆ, ಸುರಕ್ಷತೆಯನ್ನು ಪರಿಶೀಲಿಸಿ ನಿಗದಿ ಮಾಡಿದ ಪ್ರಮಾಣ ಅದು. ಅಲ್ಲಿಯೂ ಒಂದರಿಂದ ಎರಡು ವರ್ಷದ ಕೂಸುಗಳಿಗೆ ಅರ್ಧ ಮಾತ್ರೆಯೇ. ನಮ್ಮ ಕೊಟ್ಟಿಗೆಯಲ್ಲಿ 10 ಕೆ.ಜಿ.ಯ ಮರಿಯಿಂದ 400 ಕೆ.ಜಿ.ಯ ಎತ್ತಿನವರೆಗೆ ನಲವತ್ತು ಪಟ್ಟು ವ್ಯತ್ಯಾಸ ಇದೆ. ಮನುಷ್ಯರ ಮಾತ್ರೆಯನ್ನು ಕುರಿಗೂ, ಕುರಿಯ ಔಷಧಿಯನ್ನು ಮನೆಯವರಿಗೂ, ಕಾವಲು ನಾಯಿಗೂ ಎಂದಿಗೂ ಕೊಡಬೇಡಿ. ಸೀಸೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಔಷಧಿ ಕೆಲಸ ಮಾಡಿತೇ?

ಔಷಧಿ ಕೊಡುವ ದಿನ ಕೆಲವು ಕುರಿಗಳ ಹೊಸ ಹಿಕ್ಕೆಯನ್ನೂ, 14 ದಿನಗಳ ಬಳಿಕ ಅವೇ ಕುರಿಗಳ ಹಿಕ್ಕೆಯನ್ನೂ ಪಶು ಚಿಕಿತ್ಸಾಲಯಕ್ಕೆ ಒಯ್ದು ಮೊಟ್ಟೆಗಳನ್ನು ಎಣಿಸಿಕೊಡುವಂತೆ ಕೇಳಿಕೊಳ್ಳಿ. ಒಂದು ಗ್ರಾಂ ಹಿಕ್ಕೆಯಲ್ಲಿ ಮೊದಲು 1,000 ಮೊಟ್ಟೆಗಳಿದ್ದು ನಂತರ 50ಕ್ಕೆ ಇಳಿದಿದ್ದರೆ ಶೇಕಡ 95 ಇಳಿಕೆ. ಇಳಿಕೆ ಇದಕ್ಕಿಂತ ಕಡಿಮೆಯಾಗಿದ್ದು, ನಿಮ್ಮ ಅಳತೆಯೂ ಸರಿಯಾಗಿದ್ದರೆ, ಹುಳುಗಳು ಆ ಔಷಧಿಗೆ ಜಗ್ಗುತ್ತಿಲ್ಲವೆಂಬ ಶಂಕೆಗೆ ಎಡೆಯಿದೆ. ಆಗ ಪ್ರಮಾಣವನ್ನು ನೀವೇ ಹೆಚ್ಚಿಸದೆ, ಬೇರೆ ಗುಂಪಿನ ಔಷಧಿಗಾಗಿ ಪಶುವೈದ್ಯರನ್ನು ಕೇಳಿ.

ತಿಂಗಳಿಗೊಮ್ಮೆ ಎಲ್ಲಕ್ಕೂ ಕುಡಿಸುವ ಅಭ್ಯಾಸವನ್ನೂ ಬಿಡಬೇಕು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕುರಿಗಳ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ನೋಡಿ. ಕೆಂಪಾಗಿದ್ದರೆ ರಕ್ತ ಚೆನ್ನಾಗಿದೆ. ಬಿಳಿಚಿದ್ದರೆ ತಡಮಾಡದೆ ಚಿಕಿತ್ಸೆ ಬೇಕು.

ಹಾಲು ಮತ್ತು ಮಾಂಸದ ವಿಷಯದಲ್ಲಿಯೂ ಜವಾಬ್ದಾರಿ ಇದೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಮಾರಬಾರದು, ಎಷ್ಟು ದಿನ ಕಡಿಯಬಾರದು ಎಂಬುದು ಸೀಸೆಯ ಚೀಟಿಯ ಮೇಲೆ ಇರುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದು, ಜನ ಕುಡಿಯುವ ಹಾಲು ಕೊಡುವ ಹಸುವಿಗೆ ಸಲ್ಲದು.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗುಂಪು, ತೂಕ, ಔಷಧಿಯ ಹೆಸರು, ಶೇಕಡ, ಕೊಟ್ಟ ಮಿ.ಲೀ. – ಇಷ್ಟನ್ನು ಬರೆದಿಡಿ. ಪಶುವೈದ್ಯರು ಬಂದಾಗ ಆ ಒಂದು ಪುಟ ನೂರು ಮಾತಿಗಿಂತ ಉಪಯುಕ್ತ.

ಅಭ್ಯಾಸಕ್ಕೆ ನಾಲ್ಕು ಲೆಕ್ಕಗಳು

1. ಮರಿಯ ತೂಕ 14 ಕೆ.ಜಿ.; ಪ್ರಮಾಣ 7.5 ಮಿಲಿಗ್ರಾಂ, ಸೀಸೆ ಶೇಕಡ 2.5. ಎಷ್ಟು ಮಿ.ಲೀ.?
2. ಕರುವಿನ ಎದೆ ಸುತ್ತಳತೆ 90 ಸೆಂ.ಮೀ., ಉದ್ದ 75 ಸೆಂ.ಮೀ. ತೂಕ ಎಷ್ಟು? ಅದೇ ಪ್ರಮಾಣ, ಅದೇ ಸೀಸೆಯಾದರೆ ಎಷ್ಟು ಮಿ.ಲೀ.?
3. ಎತ್ತಿನ ತೂಕ 350 ಕೆ.ಜಿ.; ಐವರ್‌ಮೆಕ್ಟಿನ್ ಶೇಕಡ 1; ಪ್ರಮಾಣ 0.2 ಮಿಲಿಗ್ರಾಂ. ಎಷ್ಟು ಮಿ.ಲೀ.?
4. 32 ಕೆ.ಜಿ. ಕುರಿಗೆ ಶೇಕಡ 2.5ರ ಸೀಸೆಯಿಂದ, ಕೆ.ಜಿ.ಗೆ 7.5 ಮಿಲಿಗ್ರಾಂನಂತೆ 9.6 ಮಿ.ಲೀ. ಕೊಡುತ್ತಿದ್ದಿರಿ. ಈ ಸಲ ಅಂಗಡಿಯಲ್ಲಿ ಶೇಕಡ 10ರ ಸೀಸೆ ಸಿಕ್ಕಿತು. ಈಗ ಎಷ್ಟು ಮಿ.ಲೀ.?

ಉತ್ತರಗಳು: (1) 105 ಮಿಲಿಗ್ರಾಂ, 4.2 ಮಿ.ಲೀ. (2) 56 ಕೆ.ಜಿ., 420 ಮಿಲಿಗ್ರಾಂ, 16.8 ಮಿ.ಲೀ. (3) 70 ಮಿಲಿಗ್ರಾಂ, 7 ಮಿ.ಲೀ. (4) 240 ಮಿಲಿಗ್ರಾಂ, 2.4 ಮಿ.ಲೀ.

ನಾಲ್ಕೂ ಸರಿ ಬಂದವರು ತಮ್ಮ ಮಕ್ಕಳಿಂದಲೂ ಒಮ್ಮೆ ಮಾಡಿಸಿ. ಮುಂಗಾರಿನ ಸಂಜೆ ರೊಪ್ಪದಲ್ಲಿ ಒಬ್ಬರು ತೂಗಿ, ಒಬ್ಬರು ಲೆಕ್ಕ ಹೇಳಿ, ಒಬ್ಬರು ಕುಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ತಪ್ಪೂ ಕಡಿಮೆ. ಮೊದಲು ಹೇಳಿದ ರೈತರ ರೊಪ್ಪದಲ್ಲಿ ಇಂದು ಔಷಧಿಯ ಪಟ್ಟಿ ಬರೆಯುವುದು ಅವರ ಮಗಳ ಕೆಲಸ. ಬೇವಿನ ಕೊಂಬೆಯಲ್ಲಿ ತಕ್ಕಡಿಯ ಕೊಕ್ಕೆ ಈಗಲೂ ಇದೆ.